ಕೊಳ್ಳದೇ ಬರುವ ಸುಖ

ಸದ್ಯಕ್ಕೆ ನನ್ನ ಫೋನಿನ ಕಾರ್ಟಿನಲ್ಲಿ ಒಂದು ಏರ್ ಫ್ರೈಯರ್, ಹಿಮದಲ್ಲಿ ನಡೆಯುವ ಬೂಟು, ಇಬ್ಬರು ಮಲಗುವ ಟೆಂಟು ಮತ್ತು ಒಂದು ಯುಕುಲೇಲೆ ಇವೆ. ನಾನಿರುವುದು ಹೈದರಾಬಾದಿನ ಅಮೀರ್‌ಪೇಟೆಯ ಒಂದು ಹಾಸ್ಟೆಲಿನಲ್ಲಿ, ನಾಲ್ಕು ಮಂಚದ ಕೋಣೆಯಲ್ಲಿ. ನೀರು ಕಾಯಿಸುವ ಕೆಟಲ್ ಕಂಡರೂ ವಾರ್ಡನ್ ಎತ್ತಿಕೊಂಡು ಹೋಗುತ್ತಾರೆ. ಹಿಮವನ್ನು ನಾನು ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆದರೂ ರಾತ್ರಿ ದೀಪ ಆರಿದ ಮೇಲೆ ಬಣ್ಣ ನೋಡಿ, ಅಳತೆ ನೋಡಿ, ಕೊಂಡವರು ಬರೆದ ಹೊಗಳಿಕೆ ತೆಗಳಿಕೆಗಳನ್ನೆಲ್ಲ ಓದಿ, ಒಂದೊಂದನ್ನೇ ಆರಿಸಿ ಕಾರ್ಟಿಗೆ ಹಾಕಿ ಮಲಗುತ್ತೇನೆ. ಕೊಳ್ಳುವುದಿಲ್ಲ. ನಿದ್ದೆ ಮಾತ್ರ ಸೊಗಸಾಗಿ ಬರುತ್ತದೆ.

ಕೋಣೆಯ ಉಳಿದ ಮೂವರೂ ಇದೇ ಪಂಥದವರು. ಕಿಟಕಿ ಕಡೆಯ ಮಂಚದವನ ಕಾರ್ಟಿನಲ್ಲಿ ಸೋಫಾಸೆಟ್ಟು, ಅದಕ್ಕೊಪ್ಪುವ ಪರದೆ, ಕೂಸಿನ ತೊಟ್ಟಿಲು ಎಲ್ಲ ಇವೆ. ಮನೆ ಇಲ್ಲ. ಹೆಂಡತಿಯಾಗಬೇಕಾದವಳಿಗೆ ಇನ್ನೂ ಸುದ್ದಿ ಹೋಗಿಲ್ಲ. ಹೀಗೆ ಸಾಮಾನು ತುಂಬಿಟ್ಟು ನಡೆದುಬಿಡುವ ಗಿರಾಕಿಗಳ ಕುರಿತು ನಮ್ಮ ಮಾರ್ಕೆಟಿಂಗ್ ಮೇಷ್ಟ್ರು ರೋಗದ ಹಾಗೆ ಪಾಠ ಮಾಡುತ್ತಾರೆ: ಲಕ್ಷಣ, ಕಾರಣ, ಚಿಕಿತ್ಸೆ. ಚಿಕಿತ್ಸೆಯಲ್ಲಿ ಮೊದಲನೆಯದು ಆಗಾಗ ನೆನಪು ಮಾಡುವುದು. ಅವರು ಬೋರ್ಡಿನ ಮೇಲೆ ಅದನ್ನು ಬರೆಯುತ್ತಿದ್ದಾಗಲೇ ನನ್ನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬೂಟು ನನಗಾಗಿ ಕಾಯುತ್ತಿದೆಯಂತೆ. ಈ ಊರಿನಲ್ಲಿ ನನಗಾಗಿ ಕಾಯುವವರು ಬೇರೆ ಯಾರೂ ಇಲ್ಲವಾದ್ದರಿಂದ ನಿಜಕ್ಕೂ ಸಂತೋಷವಾಯಿತು. ಇನ್ನಷ್ಟು ದಿನ ಸುಮ್ಮನಿದ್ದರೆ ಕೂಪನ್ನೂ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಅವರೇ ಬೇಸತ್ತು ಜೋಡಿ ಕಾಲುಚೀಲ ತೋರಿಸುತ್ತಾರೆ.

ಹತ್ತು ನಿಮಿಷದ ಆ್ಯಪುಗಳ ಹತ್ತಿರ ಈ ಆಟ ನಡೆಯದು. ಮೊದಲೆಲ್ಲ ನಡುರಾತ್ರಿ ಚಿಪ್ಸ್ ತಿನ್ನಬೇಕೆನಿಸಿದರೆ ಎದ್ದು, ಚಪ್ಪಲಿ ಹುಡುಕಿ, ಮೂರು ಮಹಡಿ ಇಳಿದು, ವಾರ್ಡನ್ನಿಗೊಂದು ಕಾರಣ ಹೇಳಿ, ರಸ್ತೆ ದಾಟಬೇಕಿತ್ತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಆಸೆ ಅರ್ಧ ಇಳಿದಿರುತ್ತಿತ್ತು. ಉಳಿದರ್ಧಕ್ಕೆ ವಾರ್ಡನ್ ಮುಖ ಸಾಕಾಗುತ್ತಿತ್ತು. ಈಗ ಬಡಾವಣೆಗೊಂದರಂತೆ ಗಿರಾಕಿಯ ಕಾಲೇ ಬೀಳದ ಅಂಗಡಿಗಳು ಎದ್ದಿವೆ. ಡಾರ್ಕ್ ಸ್ಟೋರ್ ಎಂದು ಹೆಸರು, ಒಳಗೆ ಮಾತ್ರ ಹಗಲು ರಾತ್ರಿ ದೀಪ. ಹುಡುಗರು ಕಪಾಟಿನಿಂದ ಕಪಾಟಿಗೆ ಓಡಿ ಚೀಲ ತುಂಬುತ್ತಾರೆ, ಬೈಕು ಒಂದೆರಡು ಕಿಲೋಮೀಟರ್ ಹಾರಿದರೆ ಮುಗಿಯಿತು. ಬೇಕು ಅನ್ನಿಸಿದ್ದು ಬೇಡ ಅನ್ನಿಸುವುದಕ್ಕೆ ಕಡಿಮೆಯೆಂದರೂ ಕಾಲು ಗಂಟೆ ಹಿಡಿಯುತ್ತದೆ. ಅದು ಗೊತ್ತಿದ್ದೇ ಅವರು ಹತ್ತು ನಿಮಿಷ ಅಂದಿರಬೇಕು. ಚೀಲ ತರುವವರಲ್ಲಿ ಒಬ್ಬ ನನ್ನ ವಯಸ್ಸಿನವನು, ಹಗಲು ನಮ್ಮ ಬೀದಿಯಲ್ಲೇ ಜಾವಾ ಕಲಿಯುತ್ತಾನೆ. ಅವನ ಕೈಯಿಂದ ಇಪ್ಪತ್ತು ರೂಪಾಯಿಯ ಪೊಟ್ಟಣ ಇಸಿದುಕೊಳ್ಳುವಾಗ ಇಬ್ಬರೂ ಬೇರೆ ಕಡೆ ನೋಡುತ್ತೇವೆ.

ಅಮೀರ್‌ಪೇಟೆಯನ್ನು ನೋಡದವರಿಗೆ ಒಂದು ಮಾತು. ಮೈತ್ರಿವನಂ ಕಟ್ಟಡದ ಸುತ್ತಮುತ್ತ ಗೋಡೆ ಎಂಬುದು ಕಣ್ಣಿಗೆ ಬೀಳುವುದಿಲ್ಲ, ಬರೀ ಬೋರ್ಡು. ಸಾಫ್ಟ್‌ವೇರ್ ಕಲಿಸುವ ಇನ್‌ಸ್ಟಿಟ್ಯೂಟುಗಳು ಒಂದರ ಹೆಗಲ ಮೇಲೊಂದು ಕೂತಿವೆ. ಯಾವ ತಂತ್ರಜ್ಞಾನ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ತಿಳಿಯಲು ಇಲ್ಲಿ ಪತ್ರಿಕೆ ಓದಬೇಕಿಲ್ಲ, ಕತ್ತೆತ್ತಿದರೆ ಸಾಕು. ಒರಾಕಲ್ ಮೇಲೆ ಡಾಟ್‌ನೆಟ್, ಅದರ ಮೇಲೆ ಹಡೂಪ್, ಅದರ ಮೇಲೆ ಡೆವಾಪ್ಸ್ ಎಂದು ಫ್ಲೆಕ್ಸುಗಳು ಬಿದ್ದಿವೆ. ಮಳೆಗಾಳಿಗೆ ಮೇಲಿನದು ಹರಿದಾಗ ಹಿಂದಿನ ಯುಗ ಇಣುಕುತ್ತದೆ. ಈಗ ಎಲ್ಲದರ ಮೇಲೂ ಎ.ಐ. ಬಂದು ಕೂತಿದೆ. ಟ್ಯಾಲಿ ಕಲಿಸುವವರು ಕೂಡ ಬೋರ್ಡಿಗೆ ‘ಎ.ಐ. ಸಹಿತ’ ಎಂದು ಸೇರಿಸಿದ್ದಾರೆ. ಪಕ್ಕದ ಟಿಫಿನ್ ಸೆಂಟರ್‌ನವರು ಇನ್ನೂ ಇಡ್ಲಿ ವಡೆಯಲ್ಲೇ ಇದ್ದಾರೆ, ಅವರಲ್ಲೇ ಗಿರಾಕಿ ಹೆಚ್ಚು.

ಮೆಟ್ರೋ ಇಳಿದು ಬರುವ ಜಾಗದಲ್ಲಿ ಕರಪತ್ರ ಹಂಚುವ ಹುಡುಗನೊಬ್ಬನಿದ್ದಾನೆ. ನನ್ನ ಪೂರ್ತಿ ಜಾತಕ ಇಟ್ಟುಕೊಂಡ ಫೋನು ನನಗೆ ಹಿಮದ ಬೂಟು ತೋರಿಸುತ್ತದೆ; ಇವನು ಒಂದು ಸಲ ಬೆನ್ನಿನ ಚೀಲ ನೋಡಿ ಪೈಥಾನ್ ಕೋರ್ಸಿನ ಚೀಟಿ ಕೈಗಿಡುತ್ತಾನೆ. ಊರಿಂದ ಬಂದ ಕಾಕಾ ಜೊತೆಗಿದ್ದಾಗ ಅವರ ನೆತ್ತಿಯತ್ತ ಕಣ್ಣು ಹಾಯಿಸಿ ಕೂದಲು ನಾಟಿ ಮಾಡುವ ಕ್ಲಿನಿಕ್ಕಿನದು ಕೊಟ್ಟ. ಕಾಕಾ ಅದನ್ನು ಓದಿ, ಮಡಿಚಿ, ಜೇಬಿಗೆ ಹಾಕಿಕೊಂಡರು. ಹೈದರಾಬಾದಿನ ಹಾಸ್ಟೆಲುಗಳ ಬೋರ್‌ವೆಲ್ ನೀರು ಹೇಗಿರುತ್ತದೆಂದು ಅದರಲ್ಲಿ ತಲೆ ತೊಳೆದವರಿಗೇ ಗೊತ್ತು. ಈಚೆಗೆ ಆ ಹುಡುಗ ನನಗೆ ಎರಡೂ ಚೀಟಿ ಕೊಡುತ್ತಿದ್ದಾನೆ.

ನಮ್ಮೂರು ಬೀದರ್ ಜಿಲ್ಲೆಯ ಹುಮನಾಬಾದ್ ಹತ್ತಿರ. ನಮ್ಮ ಮುತ್ಯಾ ಹುಟ್ಟಿದಾಗ ಅದು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅವರ ಮಟ್ಟಿಗೆ 1956ರ ರಾಜ್ಯಗಳ ಮರುವಿಂಗಡಣೆ ಇನ್ನೂ ಪೂರ್ತಿ ಆಗಿಲ್ಲ. ರಾಜಧಾನಿ ಎಂದರೆ ಇವತ್ತಿಗೂ ಹೈದರಾಬಾದೇ, ಬೆಂಗಳೂರು ಯಾರದೋ ಊರು. ಅವರ ಕೈಯಲ್ಲಿರುವುದು ಆಲ್ವಿನ್ ಗಡಿಯಾರ. ಅಮೀರ್‌ಪೇಟೆಯ ಪಕ್ಕದ ಸನತ್‌ನಗರದಲ್ಲಿದ್ದ ಹೈದರಾಬಾದ್ ಆಲ್ವಿನ್ ಕಂಪನಿ ಫ್ರಿಜ್ಜು, ಬಸ್ಸಿನ ಮೈ, 1980ರ ದಶಕದಲ್ಲಿ ಜಪಾನಿನ ಸೈಕೋ ಕಂಪನಿಯ ನೆರವಿನಿಂದ ಕೈಗಡಿಯಾರ, ಎಲ್ಲವನ್ನೂ ಮಾಡುತ್ತಿತ್ತು. ಆ ಗಡಿಯಾರ ಬೇಕೆಂದು ಮನಸ್ಸಿಗೆ ಬಂದ ಮೇಲೆ ಎರಡು ತೊಗರಿ ಸುಗ್ಗಿ ದಾಟಿಸಿ ಮುತ್ಯಾ ಅದನ್ನು ಕೊಂಡರಂತೆ. ಈಗ ಕಂಪನಿ ಇಲ್ಲ, ಗಡಿಯಾರ ಓಡುತ್ತಿದೆ, ಮುತ್ಯಾ ಟೈಮು ನೋಡುವುದು ಮಾತ್ರ ಟಿ.ವಿ.ಯಲ್ಲಿ.

ಆ ಟಿ.ವಿ.ಗೂ ಈ ಊರಿಗೂ ನಂಟಿದೆ. 2000ದಲ್ಲಿ ಶುರುವಾದ ಈಟಿವಿ ಕನ್ನಡದ ವಾರ್ತೆಗಳು ಓದಿಸಿಕೊಳ್ಳುತ್ತಿದ್ದದ್ದು ಹೈದರಾಬಾದಿನ ಹೊರಗಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ. ಆಗ ಅದು ‘ಈನಾಡು’ ಪತ್ರಿಕೆಯವರದೇ ವಾಹಿನಿ, ಪ್ರಿಯಾ ಉಪ್ಪಿನಕಾಯಿಯೂ ಅವರದೇ. ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ತೆರೆಯುತ್ತಿದ್ದವು. ಹುಮನಾಬಾದಿನಲ್ಲಿ ಆದ ಸುದ್ದಿ ಹೈದರಾಬಾದಿಗೆ ಹೋಗಿ, ಅಲ್ಲಿಂದ ಆಕಾಶಕ್ಕೆ ಏರಿ, ಮತ್ತೆ ಹುಮನಾಬಾದಿಗೆ ಇಳಿಯುತ್ತಿತ್ತು. “ರಾಜಧಾನಿದಿಂದ ಬರ್ಬೇಕಪಾ ಸುದ್ದಿ, ಅಂದ್ರೇ ಖರೆ,” ಎನ್ನುತ್ತಿದ್ದರು ಮುತ್ಯಾ. 2015ರಲ್ಲಿ ಆ ವಾಹಿನಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡದ್ದನ್ನು ಅವರು ಮನೆಯ ಹುಡುಗಿಯ ಮದುವೆಯಾದಷ್ಟೇ ಶಾಂತವಾಗಿ ಒಪ್ಪಿಕೊಂಡರು.

ಈಗ ಮುತ್ಯಾ ಫೋನಿಗೆ ಬಂದಿದ್ದಾರೆ, ನನಗಿಂತ ಮುಂದಿದ್ದಾರೆ. 2024ರ ಆರಂಭದಲ್ಲಿ ಮಾಧಾಪುರದ ಕಡೆ ರಸ್ತೆ ಬದಿಯಲ್ಲಿ ಅನ್ನ, ಕೋಳಿ ಸಾರು ಮಾರುವ ಕುಮಾರಿ ಆಂಟಿಯ ರೀಲು ನನಗೆ ಮೊದಲು ಬಂದದ್ದು ಹುಮನಾಬಾದಿನಿಂದ. “ಅಲ್ಲೇ ಅದಲ್ಲಾ, ನೀ ಉಂಡಿಲ್ಲೇನು?” ಒಟ್ಟು ಸಾವಿರ ರೂಪಾಯಿ ಆಯಿತು, ಎರಡು ಲಿವರ್ ಬೇರೆ ಸೇರಿದೆ ಎಂದು ಆಕೆ ಗಿರಾಕಿಯೊಬ್ಬನಿಗೆ ಲೆಕ್ಕ ಹೇಳಿದ್ದೇ ಊರೆಲ್ಲ ಹರಿದಾಡಿ, ಜನ ಮುಗಿಬಿದ್ದು, ಟ್ರಾಫಿಕ್ ನಿಂತು, ಪೊಲೀಸರು ಗಾಡಿ ಎತ್ತಿಸಲು ಹೊರಟು, ಕಡೆಗೆ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರೇ ಅಲ್ಲಿಯೇ ಇರಲಿ ಎನ್ನಬೇಕಾಯಿತು. ನಾನೂ ಹೋದೆ. ಊಟ ಚೆನ್ನಾಗಿಯೇ ಇತ್ತು. ಆದರೆ ಸಾಲಿನಲ್ಲಿದ್ದವರೆಲ್ಲ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದಿದ್ದರು. ಕಲಸುವ ಕೈ ಯಾವುದೆಂದು ನನಗೆ ತಿಳಿಯಲಿಲ್ಲ.

ಏನೂ ಕೊಳ್ಳದೆ ದಿನ ಕಳೆಯಲು ನಾವು ಕಂಡುಕೊಂಡ ಇನ್ನೊಂದು ಜಾಗ ಹೈಟೆಕ್ ಸಿಟಿಯ ಐಕಿಯಾ, 2018ರ ಆಗಸ್ಟಿನಲ್ಲಿ ತೆರೆದ, ಭಾರತದಲ್ಲೇ ಅವರ ಮೊದಲ ಅಂಗಡಿ. ಮೇ ತಿಂಗಳ ಭಾನುವಾರ ಅಲ್ಲಿ ಎ.ಸಿ. ಪುಕ್ಕಟೆ. ನೆಲದ ಮೇಲಿನ ಬಾಣದ ಗುರುತು ಹಿಡಿದು ಯಾರದೋ ಮಲಗುವ ಕೋಣೆಯಿಂದ ಯಾರದೋ ಅಡುಗೆಮನೆಗೆ ನಡೆಯುತ್ತ ಹೋಗಬಹುದು. ಕಿಟಕಿ ಮಂಚದವನು ತನ್ನ ಸೋಫಾದ ಮೇಲೆ ಕೂತು ನೋಡಿದ್ದೂ ಅಲ್ಲೇ. ಅಷ್ಟಾದರೂ ಅಲ್ಲಿ ಬೆಲೆ ಚೀಟಿಯ ಮೇಲೆ ಮುದ್ರೆಯಾಗಿರುತ್ತದೆ, ಅದರ ಹತ್ತಿರ ಮಾತಾಡಲು ಬರುವುದಿಲ್ಲ. ನನಗೆ ಅದೊಂದು ಕೊರತೆ.

ಆ ಕೊರತೆ ವರ್ಷಕ್ಕೊಮ್ಮೆ ನಡೆಯುವ ನುಮಾಯಿಷ್ ಜಾತ್ರೆಯಲ್ಲಿಲ್ಲ. ಈ ಜಾತ್ರೆ ಹುಟ್ಟಿಸಿದವರೂ ಕಾಲೇಜು ಓದಿ ಬಂದ ಹುಡುಗರೇ. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರ ಸಂಘ, ಸಂಸ್ಥಾನದ ಆರ್ಥಿಕ ಸಮೀಕ್ಷೆಗೆ ಹಣ ಕೂಡಿಸಲೆಂದು, ಪಬ್ಲಿಕ್ ಗಾರ್ಡನ್ಸ್‌ನಲ್ಲಿ ನಾಡಿನ ಸರಕುಗಳ ಪ್ರದರ್ಶನ ಏರ್ಪಡಿಸಿತು; ಏಳನೇ ನಿಜಾಮರು ಉದ್ಘಾಟಿಸಿದರು. ಸಮೀಕ್ಷೆಯ ಮಾತು ಈಗ ಯಾರೂ ಎತ್ತುವುದಿಲ್ಲ, ಜಾತ್ರೆ ಮಾತ್ರ ಉಳಿಯಿತು. 1946ರಲ್ಲಿ ನಾಂಪಲ್ಲಿಗೆ ಬಂದು, ಈಗ ಸಾಮಾನ್ಯವಾಗಿ ಜನವರಿ 1ಕ್ಕೆ ಶುರುವಾಗಿ ಫೆಬ್ರವರಿ ಮಧ್ಯದವರೆಗೆ ನಡೆಯುತ್ತದೆ. ಅದರ ಆದಾಯದಿಂದ ಎಕ್ಸಿಬಿಷನ್ ಸೊಸೈಟಿಯವರು ಕಾಲೇಜುಗಳನ್ನೂ ನಡೆಸುತ್ತಾರೆ. ಅಂದರೆ ಜನ ಬಳೆ, ಮಿರ್ಚಿ ಬಜ್ಜಿ, ಲಖನೌ ಕುರ್ತಾ ಎಂದು ಖರ್ಚು ಮಾಡಿದ್ದು ಯಾರದೋ ಬಿ.ಕಾಂ. ಆಗುತ್ತದೆ. ನಮ್ಮ ಮಾರ್ಕೆಟಿಂಗ್ ಪುಸ್ತಕದಲ್ಲಿ ಇದಕ್ಕೆ ಹೆಸರಿಲ್ಲ.

ಅವ್ವ ವರ್ಷವೂ ಬರುತ್ತಾಳೆ. ಕಾಶ್ಮೀರಿ ಶಾಲಿನ ಅಂಗಡಿಯಲ್ಲಿ ಕೂತಳೆಂದರೆ ಒಂದು ಗಂಟೆ. ಎಲ್ಲವನ್ನೂ ಬಿಚ್ಚಿಸಿ, ಬೆರಳಲ್ಲಿ ಉಜ್ಜಿ, ಹೆಗಲಿಗೆ ಹಾಕಿ, ಕನ್ನಡಿ ನೋಡಿ, ಬೆಲೆ ಕೇಳಿ, ಹೌಹಾರಿ, ಎದ್ದು, ನಾಲ್ಕು ಹೆಜ್ಜೆ ನಡೆದು, ಕರೆಸಿಕೊಂಡು, ಮತ್ತೆ ಕೂರುತ್ತಾಳೆ. ಬಹಳ ವರ್ಷ ಹೀಗೇ ಕೊಳ್ಳದೆ ಬಂದಿದ್ದಾಳೆ, ಅಂಗಡಿಯವನ ಮುಖದಲ್ಲಿ ಬೇಸರ ಕಂಡಿಲ್ಲ. ಈ ಸಲ ಅವಳಿಗೆ ನನ್ನ ಫೋನಿನ ನೆನಪಾಯಿತು. “ಆನ್‌ಲೈನ್‌ದಾಗ ಎಷ್ಟ್ ಅದ ನೋಡು.” ಹುಡುಕಿದೆ. ಅದೇ ಬಣ್ಣ, ಅದೇ ಅಂಚು, ಮುನ್ನೂರು ಕಡಿಮೆ. ಅಂಗಡಿಯವನಿಗೆ ತೋರಿಸಿದೆ. ಆತ ಕನ್ನಡಕ ಏರಿಸಿ ನೋಡಿ, ನಕ್ಕು, “ಇದು ನಮ್ಮದೇ ಅಂಗಡಿ ಬೇಟಾ, ನನ್ನ ಮಗ ಹಾಕಿದ್ದಾನೆ,” ಎಂದ ಹಿಂದಿಯಲ್ಲಿ.

ನಾನು ಫೋನು ಜೇಬಿಗಿಟ್ಟೆ. ಅವ್ವ ಮಾತ್ರ ಶಾಲು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ನಮ್ಮ ಕಡೆಯ ದಖನಿಯಲ್ಲಿ ಮಾತು ಮುಂದುವರಿಸಿದಳು: ಮಗ ಕೊಡುವ ರೇಟಿಗಿಂತ ಅಪ್ಪನ ರೇಟು ಇನ್ನೂ ಐವತ್ತು ಕಡಿಮೆ ಇರಬೇಕಲ್ಲ, ನಾವೇ ಹುಮನಾಬಾದಿಗೆ ಹೊತ್ತುಕೊಂಡು ಹೋಗುತ್ತೇವೆ, ಡೆಲಿವರಿ ಖರ್ಚು ಎಲ್ಲಿದೆ?