ನಾಣ್ಯಗುರುತ್ವ ಮೀಮಾಂಸೆ

ದ್ರವ್ಯದ ಮಹಿಮೆಯು ಅದರ ತೂಕವು ಕುಗ್ಗಿದಷ್ಟೂ ಹಿಗ್ಗುವುದೆಂಬ ಸಿದ್ಧಾಂತವನ್ನು ಪೂರ್ವಸೂರಿಗಳಾರೂ ಪ್ರತಿಪಾದಿಸದೆ ಬಿಟ್ಟಿರುವುದರಿಂದ, ಆ ಹೊರೆಯು ಅನಿವಾರ್ಯವಾಗಿ ಈ ಪ್ರಬಂಧಕಾರನ ಹೆಗಲಿಗೇರಿದೆ.

ಪೂರ್ವಪಕ್ಷವನ್ನು ಸ್ವೀಡನ್ ದೇಶವು ಒದಗಿಸುತ್ತದೆ. ತಾಮ್ರವು ಹೇರಳವಾಗಿಯೂ ಬೆಳ್ಳಿಯು ವಿರಳವಾಗಿಯೂ ಇದ್ದ ಆ ನಾಡಿನಲ್ಲಿ, ನಾಣ್ಯದ ಬೆಲೆಗೆ ತಕ್ಕಷ್ಟು ಲೋಹವು ನಾಣ್ಯದಲ್ಲಿಯೇ ಇರತಕ್ಕದ್ದೆಂದು ಹಠ ಹಿಡಿದ ಕ್ರಿಸ್ಟೀನಾ ರಾಣಿಯ ಸರಕಾರವು 1644ರಲ್ಲಿ ಹತ್ತು ದಾಲರಿನ ತಾಮ್ರಫಲಕವನ್ನು ಹೊರಡಿಸಿತು. ನಾಲ್ಕು ಮೂಲೆಗೊಂದೊಂದು, ನಡುವೆ ಒಂದು, ಹೀಗೆ ಪಂಚಮುದ್ರಾಂಕಿತವಾದ ಇದರ ತೂಕ 19 ಕಿಲೋಗ್ರಾಮಿಗೂ ಮಿಗಿಲು. ಇದನ್ನು ಕದಿಯುವವನಿಗೆ ಬೇಕಾದುದು ಕೈಚಳಕವಲ್ಲ, ಬಂಡಿ.

ಇನ್ನು ಸಿದ್ಧಾಂತಪಕ್ಷ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ತಮ್ಮ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ ಚಿನ್ನದ ಕಂಠೀರಾಯಿ ಹಣವಾದರೋ ಅರ್ಧ ಗ್ರಾಮೂ ತೂಗದು. ತೊಗರಿಬೇಳೆಯಗಲದ ಆ ಅವಕಾಶದೊಳಗೆ ಒಂದು ಮುಖದಲ್ಲಿ ಸಾಕ್ಷಾತ್ ನರಸಿಂಹಸ್ವಾಮಿಯೂ ಮತ್ತೊಂದರಲ್ಲಿ ನಾಗರೀ ಲಿಪಿಯಲ್ಲಿ ಅರಸರ ನಾಮಧೇಯವೂ ಹೇಗೋ ಹಿಡಿಸಿವೆ. ಇಂಥ ಪುಟ್ಟ ಪಣಗಳನ್ನು ಬೆರಳಿನಿಂದೆಣಿಸುವ ಸಾಹಸಕ್ಕಿಳಿಯದ ಮಲಯಾಳ ದೇಶದವರು, ಸಾಲುಸಾಲಾಗಿ ಕುಳಿ ಕೊರೆದ ಮರದ ಹಲಗೆಯ ಮೇಲೆ ಅವನ್ನು ಸುರಿದು, ಮೆಲ್ಲನೆ ಅಲುಗಾಡಿಸಿ, ಕುಳಿಗೊಂದರಂತೆ ಕುಳಿತ ಮೇಲೆ ಮಿಕ್ಕುದನ್ನು ಸವರಿ ಲೆಕ್ಕ ಮುಗಿಸುತ್ತಿದ್ದರು. ಆ ಮನೆಗಳಲ್ಲಿ ಸೀನು ಬಂದವನನ್ನು ಎಲ್ಲಿ ಕೂರಿಸುತ್ತಿದ್ದರೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ.

ಆದರೆ ಸಿದ್ಧಾಂತದ ಪರಾಕಾಷ್ಠೆಯಿರುವುದು ವರಹದಲ್ಲಿ. ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹವೆಂಬುದು ಲೆಕ್ಕ. ಆ ವರಹವನ್ನಾದರೋ ಅಚ್ಚು ಹಾಕಿದ್ದೇ ಇಲ್ಲ! ಕಡತದಲ್ಲಿಯೇ ಜನಿಸಿ ಕಡತದಲ್ಲಿಯೇ ಬಾಳಿದ ಈ ನಾಣ್ಯಕ್ಕೆ ತೂಕವಿಲ್ಲ, ಸವೆತವಿಲ್ಲ, ಕಳ್ಳರ ಭಯವಿಲ್ಲ. ವೇದಾಂತಿಗಳು ನಿರ್ಗುಣ ನಿರಾಕಾರವೆಂದು ಯಾವುದನ್ನು ಬಣ್ಣಿಸಿ ಬಣ್ಣಿಸಿ ದಣಿದರೋ ಅದನ್ನು ನಮ್ಮ ಶ್ಯಾನುಭೋಗರು ಜಮಾಬಂದಿ ಪುಸ್ತಕದಲ್ಲಿ ನಿರಾಯಾಸವಾಗಿ ಕೂಡಿ ಕಳೆಯುತ್ತಿದ್ದರು. 1799ರಲ್ಲಿ ಟಿಪ್ಪುವಿನ ಪತನಾನಂತರ ರಾಜ್ಯವನ್ನು ಪಾಲು ಮಾಡಿದಾಗಲೂ ಸೀಮೆಸೀಮೆಯ ಹುಟ್ಟುವಳಿಯನ್ನು ಅಳೆದುದು ಈ ಅದೃಶ್ಯ ವರಹಗಳಿಂದಲೇ.

ಸ್ವೀಡನ್ನಿನವರು ಈ ತತ್ತ್ವವನ್ನು ಅರ್ಧಮಾತ್ರವೇ ಗ್ರಹಿಸಿದರು. ತಾಮ್ರ ಹೊತ್ತು ಬೇಸತ್ತ ಜನರಿಗೆ ಯೋಹಾನ್ ಪಾಮ್‌ಸ್ಟ್ರುಕ್ ಎಂಬಾತನ ಬ್ಯಾಂಕು 1661ರಲ್ಲಿ ಯೂರೋಪಿನ ಪ್ರಥಮ ಕಾಗದದ ನೋಟುಗಳನ್ನಿತ್ತಿತು. ತಿಜೋರಿಯಲ್ಲಿದ್ದುದಕ್ಕಿಂತ ಹೆಚ್ಚು ನೋಟು ಹಂಚಿ ಮುಳುಗಿಯೂ ಹೋಯಿತು. 1668ರಲ್ಲಿ ಪಾಮ್‌ಸ್ಟ್ರುಕ್‌ಗೆ ಮರಣದಂಡನೆ ವಿಧಿಸಿ, ಬಳಿಕ ಕರುಣೆಯಿಂದ ಸೆರೆವಾಸಕ್ಕಿಳಿಸಿದರು. ಇಲ್ಲದ ವರಹಗಳನ್ನೆಣಿಸಿದವರಿಗಾದರೋ ಮೈಸೂರು ಸೀಮೆಯೇ ದಕ್ಕಿತು.