ಟವೆಲ್ಲಿನ ಕೆಳಗಿನ ಬೆರಳು

ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಒಮ್ಮೆಯಾದರೂ ಎತ್ತು ಕೊಂಡವರಿಗೆ ದಲ್ಲಾಳಿಯ ಟವೆಲ್ಲಿನ ಮಹಿಮೆ ಹೇಳಬೇಕಿಲ್ಲ. ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಎರಡು ಬೆರಳು ಒತ್ತುತ್ತಾನೆ. ಆಮೇಲೆ ಕೊಳ್ಳುವವನ ಕೈ ಹಿಡಿದು ಮೂರು ಬೆರಳು ಒತ್ತುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲುಗಾಡುವುದಷ್ಟೆ. ಇದು ಹಳ್ಳಿಗಾಡಿನ ಹಳೇ ಚಾಳಿ, ನಾಗರಿಕತೆ ಬಂದರೆ ಹೋಗುತ್ತದೆ ಎಂದು ನಂಬಿ ನಾವು ಎಪಿಎಂಸಿ ಕಟ್ಟಿದೆವು, ಬಹಿರಂಗ ಹರಾಜು ಕೂಗಿಸಿದೆವು, ದರದ ಬೋರ್ಡು ತೂಗುಹಾಕಿದೆವು. ಅವಸರ ಮಾಡಿಬಿಟ್ಟೆವು. ಜಗತ್ತಿನ ಅತ್ಯಂತ ದುಬಾರಿ ಔಷಧಗಳ ವ್ಯಾಪಾರ ಇವತ್ತು ಅಮೆರಿಕದಲ್ಲಿ ನಡೆಯುತ್ತಿರುವುದು ಅದೇ ಟವೆಲ್ಲಿನ ಕೆಳಗೆ. ಅಲ್ಲಿನ ದಲ್ಲಾಳಿ ಟೈ ಕಟ್ಟಿಕೊಂಡಿದ್ದಾನೆ. ‘ಫಾರ್ಮಸಿ ಬೆನಿಫಿಟ್ ಮ್ಯಾನೇಜರ್’ ಎಂದು ಹೆಸರಿಟ್ಟುಕೊಂಡಿದ್ದಾನೆ. ಅವಸರಕ್ಕೆ ಪಿಬಿಎಂ ಎನ್ನುತ್ತಾರೆ. ಬೆನಿಫಿಟ್ ಯಾರದ್ದು ಎಂದು ಹೆಸರಿನಲ್ಲಿ ಹೇಳಿಲ್ಲ, ಆ ಮಟ್ಟಿಗೆ ಪ್ರಾಮಾಣಿಕರು.

ನನಗೆ ಇದರ ಪರಿಚಯವಾದದ್ದು ನ್ಯೂಜೆರ್ಸಿಯಲ್ಲಿರುವ ತಂಗಿಯ ಮಗಳಿಂದ. ಅವಳಿಗೆ ಕೀಲುವಾತ. ಎರಡು ವಾರಕ್ಕೊಮ್ಮೆ ಒಂದು ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಒಂದು ಭಾನುವಾರ ಫೋನ್ ಮಾಡಿ, ಈ ತಿಂಗಳ ಡಬ್ಬಿ ಇನ್ನೂ ಬಂದಿಲ್ಲ ಎಂದಳು.

‘ಮನೆ ಕೆಳಗೇ ದೊಡ್ಡ ಮೆಡಿಕಲ್ ಶಾಪ್ ಇದೆ ಅಂದಿದ್ಯಲ್ಲ, ಅಲ್ಲೇ ತಗೋಬಾರದೇನೇ?’

‘ಅಲ್ಲಿ ತಗೊಂಡ್ರೆ ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ ಮಾವ. ಅವರು ಹೇಳಿದ ಅಂಗಡಿಯಿಂದ ಕೊರಿಯರಲ್ಲೇ ಬರಬೇಕು.’

‘ಯಾರದು ಆ ಅಂಗಡಿ?’

‘ಇನ್ಶೂರೆನ್ಸ್‌ನವರದ್ದೇ.’

‘ಈ ಔಷಧ ನಿಂಗೆ ಬೇಕೋ ಬೇಡವೋ ಅಂತ ಪರ್ಮಿಷನ್ ಕೊಡೋರು?’

‘ಅವರೇ.’

‘ರೇಟು ಗೊತ್ತುಮಾಡೋರು?’

‘ಅವರೇ ಮಾವ, ಅದೆಲ್ಲ ಒಂದೇ ಮನೆ.’

‘ಸದ್ಯ, ಕಾಯಿಲೆ ಒಂದು ನಿನ್ನದೇ ಆಗಿ ಉಳಿದಿದೆ’ ಎಂದೆ. ಅವಳು ನಗಲಿಲ್ಲ.

ಆ ಒಂದೇ ಮನೆ ಎಂಬ ಮಾತು ಉಪ್ಪುಖಾರ ಹಚ್ಚಿದ್ದಲ್ಲ. ಅಲ್ಲಿ ಮೂರು ದೊಡ್ಡ ಕೂಡುಕುಟುಂಬಗಳಿವೆ. ಯುನೈಟೆಡ್‌ಹೆಲ್ತ್ ಮನೆಯಲ್ಲಿ ವಿಮೆ ಅಣ್ಣನಾದರೆ ಆಪ್ಟಮ್ ಆರ್‌ಎಕ್ಸ್ ಎಂಬ ದಲ್ಲಾಳಿ ತಮ್ಮ. ಮನೆಯಲ್ಲಾಗಲೇ ದಲ್ಲಾಳಿಯೊಬ್ಬನಿದ್ದ ಸಿವಿಎಸ್ ಎಂಬ ಔಷಧದಂಗಡಿ 2018ರಲ್ಲಿ ಏಟ್ನಾ ಎಂಬ ವಿಮಾ ಕಂಪನಿಯನ್ನು ಮನೆತುಂಬಿಸಿಕೊಂಡಿತು. ಅದೇ ವರ್ಷ ಸಿಗ್ನಾ ಎಂಬ ವಿಮೆ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಎಂಬ ದಲ್ಲಾಳಿಯನ್ನು ವರಿಸಿತು. ಈ ಮೂವರು ದಲ್ಲಾಳಿಗಳು ಸೇರಿ ಆ ದೇಶದ ಸುಮಾರು ಶೇ. 80ರಷ್ಟು ಔಷಧ ಚೀಟಿಗಳನ್ನು ಸಂಭಾಳಿಸುತ್ತಾರೆ. ಮೂವರಿಗೂ ಸ್ವಂತ ‘ಸ್ಪೆಷಾಲಿಟಿ ಫಾರ್ಮಸಿ’ಗಳಿವೆ. ಸ್ಪೆಷಾಲಿಟಿ ಔಷಧ ಮಾರಿ ಬಂದ ಆದಾಯದಲ್ಲಿ ಪಿಬಿಎಂ ನಂಟಿನ ಅಂಗಡಿಗಳ ಪಾಲು 2016ರಲ್ಲಿ ಶೇ. 54 ಇದ್ದದ್ದು 2023ಕ್ಕೆ ಶೇ. 68 ಆಯಿತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಲೆಕ್ಕ ಕೊಟ್ಟಿದೆ. ನಮ್ಮಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಪುರೋಹಿತರು, ಛತ್ರದವರು, ಅಡುಗೆಯವರು ಎಲ್ಲ ಒಂದೇ ಮನೆತನದವರಾದರೆ ಖರ್ಚು ಕಡಿಮೆಯಾಗುತ್ತದೆ. ಅಲ್ಲಿ ಊಟದ ಬಿಲ್ಲು ಬರುವುದು ನೆಂಟರಿಗೆ.

ಇಷ್ಟಕ್ಕೂ ‘ಸ್ಪೆಷಾಲಿಟಿ’ ಎಂದರೇನು? ಶುರುವಿನಲ್ಲಿ ಇದಕ್ಕೊಂದು ಮರ್ಯಾದಸ್ಥ ಅರ್ಥವಿತ್ತು. ಹಿಮೋಫಿಲಿಯಾ ರೋಗಿಗಳಿಗೆ ರಕ್ತ ಹೆಪ್ಪುಗಟ್ಟಿಸುವ ಔಷಧವನ್ನು ಮಂಜುಗಡ್ಡೆಯಲ್ಲಿಟ್ಟು, ಕೆಡದಂತೆ ಮನೆಗೆ ಮುಟ್ಟಿಸಿ, ಚುಚ್ಚುವುದನ್ನು ಹೇಳಿಕೊಡಬೇಕಿತ್ತು. ಬೀದಿ ಅಂಗಡಿಯವರ ಕೈಲಾಗದ ಕೆಲಸ. ಈಗ ಅಷ್ಟು ಕಷ್ಟಪಡಬೇಕಾಗಿಲ್ಲ. ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ಯೋಜನೆಯಲ್ಲಿ 2024 ಮತ್ತು 2025ರಲ್ಲಿ ಒಂದು ಔಷಧ ‘ಸ್ಪೆಷಾಲಿಟಿ’ ಪಂಕ್ತಿಯಲ್ಲಿ ಕೂರಲು ಇದ್ದ ಗೆರೆ, ತಿಂಗಳಿಗೆ 950 ಡಾಲರ್. ಅದರ ಮೇಲಿದ್ದರೆ ವಿಶೇಷ, ಕೆಳಗಿದ್ದರೆ ಸಾಮಾನ್ಯ. ನಮ್ಮಲ್ಲಿ ಬಡವರನ್ನು ಗುರುತಿಸಲು ಒಂದು ರೇಖೆ ಇದ್ದಂತೆ ಅವರಲ್ಲಿ ಮಾತ್ರೆಯ ಕುಲೀನತೆ ಗುರುತಿಸಲು ಒಂದು ರೇಖೆ. ಔಷಧ ವಿಶೇಷವಾದ್ದರಿಂದ ದುಬಾರಿಯೋ, ದುಬಾರಿಯಾದ್ದರಿಂದ ವಿಶೇಷವೋ ಎಂದು ಕೇಳುವವರು ತರ್ಕಶಾಸ್ತ್ರದ ಕ್ಲಾಸಿಗೆ ಹೋಗಲಿ.

ಹೀಗಾಗಿ ಫ್ರಿಜ್ಜೂ ಬೇಡದ, ಸೂಜಿಯೂ ಬೇಡದ, ನೀರಿನೊಂದಿಗೆ ನುಂಗುವ ಬಡಪಾಯಿ ಮಾತ್ರೆಗಳಿಗೂ ಜನಿವಾರ ಬಿತ್ತು. ಟಡಲಾಫಿಲ್ ಎಂಬ ಮಾತ್ರೆ ನೋಡಿ. ಶ್ವಾಸಕೋಶದ ರಕ್ತನಾಳಗಳ ಒತ್ತಡಕ್ಕೆ ಕೊಡುತ್ತಾರೆ. (ಇದೇ ಟಡಲಾಫಿಲ್ ಇನ್ನೊಂದು ಉಪಯೋಗಕ್ಕಾಗಿ ಇನ್ನೊಂದು ಹೆಸರಿನಲ್ಲಿ ಜಗದ್ವಿಖ್ಯಾತ; ಪತ್ರಿಕೆಯನ್ನು ಮಕ್ಕಳೂ ಓದುತ್ತಾರಾದ್ದರಿಂದ ಮುಂದೆ ಹೋಗೋಣ.) ಪೇಟೆಂಟ್ ಮುಗಿದ ಜೆನೆರಿಕ್ ಮಾಲು. 2022ರಲ್ಲಿ ಅಂಗಡಿಗಳು ಒಂದು ತಿಂಗಳ ಮಾತ್ರೆಯನ್ನು ಸರಾಸರಿ 27 ಡಾಲರಿಗೆ ಕೊಳ್ಳುತ್ತಿದ್ದವು. ಮೂವರು ದಲ್ಲಾಳಿಗಳು ಕಂಪನಿ ನೌಕರರ ವಿಮೆಯ ಲೆಕ್ಕದಲ್ಲಿ ತಮ್ಮ ಸ್ವಂತ ಅಂಗಡಿಗಳಿಗೆ ಇದಕ್ಕೆ ಕೊಟ್ಟದ್ದು ಸರಾಸರಿ 2,106 ಡಾಲರ್. ಇದು 2025ರ ಜನವರಿಯಲ್ಲಿ ಅದೇ ಟ್ರೇಡ್ ಕಮಿಷನ್ ಪ್ರಕಟಿಸಿದ ವರದಿಯಲ್ಲಿರುವ ಅಂಕಿ. ಇಂಥ ಜೆನೆರಿಕ್ ಸ್ಪೆಷಾಲಿಟಿ ಔಷಧಗಳಲ್ಲೇ 2017ರಿಂದ 2022ರವರೆಗೆ ಈ ಅಂಗಡಿಗಳು ಅಂದಾಜು ಖರೀದಿ ಬೆಲೆಯ ಮೇಲೆ 730 ಕೋಟಿ ಡಾಲರ್ ಎತ್ತಿವೆ. ನಮ್ಮ ಬೀದಿಯ ಮೆಡಿಕಲ್ಸ್‌ನವರು ಎಂಆರ್‌ಪಿ ಮೇಲೆ ಶೇ. 15 ಬಿಟ್ಟುಕೊಡಲು ಎರಡು ಸಲ ಕೇಳಿಸಿಕೊಳ್ಳುತ್ತಾರೆಂದು ನಾನು ಇಷ್ಟು ವರ್ಷ ಗೊಣಗುತ್ತಿದ್ದೆ. ಅವರಲ್ಲಿ ಈ ಮೂಲಕ ಕ್ಷಮೆ ಕೇಳುತ್ತೇನೆ.

ತನ್ನದೇ ಅಂಗಡಿಗೆ ತಾನೇ ಜಾಸ್ತಿ ದುಡ್ಡು ಕೊಟ್ಟರೆ ವಿಮೆಯವನಿಗೇನು ಬಂತು, ಎಡಜೇಬಿನದು ಬಲಜೇಬಿಗೆ ಹೋಯಿತಷ್ಟೆ ಎಂದು ನೀವು ಕೇಳಬಹುದು. ಜೇಬಿನ ವಿಷಯದಲ್ಲೇ ಸ್ವಾರಸ್ಯವಿರುವುದು. ಅಲ್ಲಿನ ಕಾನೂನಿನ ಪ್ರಕಾರ ವಿಮಾ ಕಂಪನಿ ತಾನು ವಸೂಲು ಮಾಡಿದ ಪ್ರೀಮಿಯಂನಲ್ಲಿ ಶೇ. 80 ಅಥವಾ 85 ಭಾಗವನ್ನು ಚಿಕಿತ್ಸೆಗೇ ಖರ್ಚು ಮಾಡಬೇಕು; ಉಳಿದದ್ದರಲ್ಲಿ ಆಫೀಸು, ಜಾಹೀರಾತು, ಲಾಭ. ಒಳ್ಳೆಯ ಕಾನೂನು. ಆದರೆ ಅಂಗಡಿಯೂ ತನ್ನದೇ ಆದರೆ? 27 ಡಾಲರಿನ ಮಾತ್ರೆಗೆ ಎರಡು ಸಾವಿರ ಕೊಟ್ಟಾಗ ಆ ಎರಡು ಸಾವಿರವೂ ‘ಚಿಕಿತ್ಸೆಯ ಖರ್ಚು’ ಎಂದೇ ಬರೆದುಕೊಳ್ಳಬಹುದು. ಎಡಜೇಬಿನ ಮೇಲೆ ಸರ್ಕಾರದ ಕಣ್ಣಿದೆ, ಬಲಜೇಬಿನ ಮೇಲೆ ಇಲ್ಲ. ಜೊತೆಗೆ, ಬೇರೆ ಕಂಪನಿಯ ನೌಕರರ ವಿಮೆಯನ್ನು ನೋಡಿಕೊಳ್ಳುವಾಗ ಎಡಜೇಬೂ ತನ್ನದಲ್ಲ, ಪರರದ್ದು. ಆಗ ಬೆರಳಿಗೆ ಇನ್ನೂ ಹುರುಪು.

ಟವೆಲ್ಲಿನ ವಿಷಯಕ್ಕೆ ಬರುವಾಗ ನಮ್ಮ ಬೆಂಗಳೂರನ್ನು ಬಿಡಲಾಗದು. 2021ರ ನವೆಂಬರಿನಲ್ಲಿ ಬಯೋಕಾನ್ ತಯಾರಿಸುವ ಗ್ಲಾರ್ಜಿನ್ ಇನ್ಸುಲಿನ್ ಅಮೆರಿಕದ ಅಂಗಡಿಗಳಿಗೆ, ಮೂಲ ಬ್ರ್ಯಾಂಡಿನ ಬದಲು ಅಂಗಡಿಯವರೇ ಕೊಡಬಹುದೆಂಬ ಹೊಸ ಮಾನ್ಯತೆಯೊಂದಿಗೆ ಇಳಿಯಿತು. ಅಲ್ಲಿ ಮಾರುತ್ತಿದ್ದವರು ವಿಯಾಟ್ರಿಸ್. ಇನ್ಸುಲಿನ್ ಒಂದೇ, ಹೆಸರು ಎರಡು. ಸೆಮ್‌ಗ್ಲೀ ಎಂಬ ಬ್ರ್ಯಾಂಡಿನ ಐದು ಪೆನ್ನುಗಳಿಗೆ ಸುಮಾರು 404 ಡಾಲರ್. ಬ್ರ್ಯಾಂಡಿಲ್ಲದ ಅದೇ ಐದು ಪೆನ್ನುಗಳಿಗೆ ಸುಮಾರು 148 ಡಾಲರ್. ತಾಯಿಯೇ ಅವಳಿ ಮಕ್ಕಳಲ್ಲಿ ಒಬ್ಬನಿಗೆ ಜರತಾರಿ ಉಡಿಸಿ ಇನ್ನೊಬ್ಬನನ್ನು ಚಡ್ಡಿಯಲ್ಲಿ ಕಳಿಸಿದಂತೆ. ವಿಮೆ ಯಾವ ಔಷಧಕ್ಕೆ ದುಡ್ಡು ಕೊಡುತ್ತದೆಂದು ಹೇಳುವ 2022ರ ತನ್ನ ಮುಖ್ಯ ಪಟ್ಟಿಗೆ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಆರಿಸಿಕೊಂಡದ್ದು ಜರತಾರಿಯವನನ್ನು. ಹುಚ್ಚೆನ್ನಬೇಡಿ. ಘೋಷಿತ ಬೆಲೆ ದೊಡ್ಡದಿದ್ದರೆ ತಯಾರಕ ಟವೆಲ್ಲಿನ ಕೆಳಗೆ ಒತ್ತುವ ಬೆರಳೂ ದೊಡ್ಡದು. ಅದಕ್ಕೆ ರಿಬೇಟ್ ಎನ್ನುತ್ತಾರೆ. 148ರಲ್ಲಿ ಬಿಟ್ಟುಕೊಡಲು ಏನಿದೆ, ಚಡ್ಡಿಯೇ? ಕೌಂಟರಿನಲ್ಲಿ ತನ್ನ ಪಾಲನ್ನು ಘೋಷಿತ ಬೆಲೆಯ ಮೇಲೆ ಶೇಕಡಾವಾರು ಕಟ್ಟುವ ರೋಗಿಗೆ ಮಾತ್ರ ಬೆರಳು ಕಾಣುವುದಿಲ್ಲ, ಟವೆಲ್ ಕಾಣುತ್ತದೆ. ಅವನು ಅದರಲ್ಲಿ ಮುಖ ಒರೆಸಿಕೊಳ್ಳಬಹುದು.

ಆಮೇಲೆ ಆ ಟವೆಲ್ಲನ್ನೂ ವಿದೇಶಕ್ಕೆ ಒಗೆಯಲು ಕೊಟ್ಟರು. ರಿಬೇಟ್ ಚೌಕಾಶಿಗೆಂದೇ ಪ್ರತ್ಯೇಕ ಕಂಪನಿಗಳು ಹುಟ್ಟಿದವು. ಸಿಗ್ನಾ ಮನೆತನದ್ದು ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್‌ನಲ್ಲಿ ಹುಟ್ಟಿತು, ಆಪ್ಟಮ್‌ನವರದ್ದು ಐರ್ಲೆಂಡಿನಲ್ಲಿ. ಒಹಾಯೋದ ಅಜ್ಜಿಯ ಮಾತ್ರೆಗೆ ಚೌಕಾಶಿ ಸ್ವಿಟ್ಜರ್ಲೆಂಡಿನಲ್ಲಿ. ಹವೆ ಚೆನ್ನಾಗಿರುತ್ತದಂತೆ. ಇನ್ನು ಔಷಧದ ಲೇಬಲ್ ಒಂದು ಬೇರೆಯವರದ್ದಾಗಿ ಉಳಿದಿತ್ತು, ಅದೂ ಮುಗಿಯಿತು. ಸಿವಿಎಸ್ 2023ರಲ್ಲಿ ಕಾರ್ಡಾವಿಸ್ ಎಂಬ ಸ್ವಂತ ಘಟಕ ತೆರೆದು, 2024ರ ಏಪ್ರಿಲ್ 1ರಂದು ಹ್ಯೂಮಿರಾ ಎಂಬ ಪ್ರಖ್ಯಾತ ಇಂಜೆಕ್ಷನ್ನನ್ನು ತನ್ನ ಮುಖ್ಯ ಪಟ್ಟಿಗಳಿಂದ ತೆಗೆದು, ಅದೇ ಬಗೆಯ ಬದಲಿ ಔಷಧವನ್ನು ತನ್ನ ಲೇಬಲ್ಲಿನಲ್ಲಿ ಮುಂದಿಟ್ಟಿತು. ಬದಲಿ ಅಗ್ಗವೇ, ಅದನ್ನು ಒಪ್ಪಬೇಕು. ಉಳಿದಿಬ್ಬರೂ ಇಂಥದೇ ಲೇಬಲ್ ಹೊಲಿಸಿಕೊಂಡಿದ್ದಾರೆ.

ಇಷ್ಟೆಲ್ಲ ನೋಡಿ ಸಗಟು ವ್ಯಾಪಾರಿಗಳು ಸುಮ್ಮನಿದ್ದಾರೆಯೇ? ಅವರೂ ಮೂವರು: ಮೆಕೆಸನ್, ಸೆಂಕೋರಾ, ಕಾರ್ಡಿನಲ್. ಅಂಗಡಿ, ವಿಮೆ ಎಲ್ಲ ಹಂಚಿಹೋಗಿತ್ತು. ಉಳಿದದ್ದು ಡಾಕ್ಟರು. ಸರಿ, ಡಾಕ್ಟರನ್ನೇ ಕೊಂಡರು. 2024ರ ಆಗಸ್ಟಿನಿಂದ ನವೆಂಬರಿನೊಳಗೆ ಮೆಕೆಸನ್ ಫ್ಲಾರಿಡಾದ ಕ್ಯಾನ್ಸರ್ ವೈದ್ಯರ ದೊಡ್ಡ ಗುಂಪಿನ ವ್ಯವಹಾರ ನೋಡಿಕೊಳ್ಳುವ ಕಂಪನಿಯಲ್ಲಿ ಸುಮಾರು 250 ಕೋಟಿ ಡಾಲರಿಗೆ ದೊಡ್ಡ ಪಾಲು ಹಿಡಿಯುವುದಾಗಿ ಘೋಷಿಸಿತು. ಕಾರ್ಡಿನಲ್ ಹೊಟ್ಟೆ-ಕರುಳಿನ ವೈದ್ಯರ ಜಾಲಕ್ಕೆ 280 ಕೋಟಿ ಎಂದಿತು. ಸೆಂಕೋರಾ ಅಕ್ಷಿಪಟಲದ ವೈದ್ಯರಿಗೆ ಸುಮಾರು 460 ಕೋಟಿ ಎಂದಿತು. ಒಬ್ಬನಿಗೆ ಗೆಡ್ಡೆ, ಒಬ್ಬನಿಗೆ ಕರುಳು, ಒಬ್ಬನಿಗೆ ಕಣ್ಣು. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಂಡರೂ ಇಷ್ಟು ಜಗಳವಿಲ್ಲದೆ ಮುಗಿಯುವುದಿಲ್ಲ. ಈ ಮೂರು ಅಂಗಗಳೇ ಯಾಕೆ ಎಂದರೆ ಕಾರಣವಿದೆ. ಅಲ್ಲಿ ಕ್ಲಿನಿಕ್ಕಿನಲ್ಲಿ ಚುಚ್ಚುವ ದುಬಾರಿ ಔಷಧವನ್ನು ಡಾಕ್ಟರೇ ಮೊದಲು ಕೊಂಡು, ಚುಚ್ಚಿ, ಆಮೇಲೆ ಬಿಲ್ ಮಾಡುತ್ತಾರೆ. ಮೆಡಿಕೇರ್ ಅವರಿಗೆ ಸರಾಸರಿ ಮಾರಾಟ ಬೆಲೆಯ ಜೊತೆ ಶೇ. 6 ಸೇರಿಸಿ ಕೊಡುತ್ತದೆ ಎಂಬುದು ನಿಯಮ. ನೂರು ಡಾಲರಿನ ಔಷಧಕ್ಕೆ 6, ಹತ್ತು ಸಾವಿರದ್ದಕ್ಕೆ 600. ಯಾವ ಡಾಕ್ಟರೂ ಇದನ್ನು ನೋಡಿ ಚೀಟಿ ಬರೆಯುವುದಿಲ್ಲ ಎಂದು ನಾನು ನಂಬುತ್ತೇನೆ. 460 ಕೋಟಿ ಕೊಟ್ಟವರೂ ಹಾಗೆಯೇ ನಂಬಿ ಕೊಟ್ಟರೇ ಎಂಬುದು ಬೇರೆ ಮಾತು.

ಚೀಲಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯವರು ತಾವೇ ಔಷಧ ಕೊಂಡರೆ ಲಾಭ ಅವರಿಗೆ ಹೋಗುತ್ತದಲ್ಲ, ಅದಕ್ಕೆ ವಿಮೆಯವರು ತಮ್ಮ ಅಂಗಡಿಯಿಂದಲೇ ರೋಗಿಯ ಹೆಸರಿಗೆ ಔಷಧ ಕಟ್ಟಿ ಆಸ್ಪತ್ರೆಗೆ ಕಳಿಸುತ್ತಾರೆ. ಇದು ಬಿಳಿ ಚೀಲ. ರೋಗಿಯ ಕೈಗೇ ಕೊಟ್ಟು, ನೀನೇ ಹೊತ್ತುಕೊಂಡು ಹೋಗಿ ಚುಚ್ಚಿಸಿಕೋ ಎಂದರೆ ಕಂದು ಚೀಲ. ಇವು ಆ ವ್ಯಾಪಾರದವರೇ ಇಟ್ಟ ಹೆಸರುಗಳು, ನನ್ನ ಕುಚೋದ್ಯವಲ್ಲ. ರೇಷನ್ ಅಂಗಡಿಗೆ ಚೀಲ ಒಯ್ಯುವ ನಮಗೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಚೀಲದಲ್ಲಿ ಕೀಮೋಥೆರಪಿ ಇರುವುದಿಲ್ಲ, ಅಷ್ಟೆ.

2025ರ ಫಾರ್ಚೂನ್ 500 ಪಟ್ಟಿ ತೆಗೆದು ನೋಡಿದೆ. ಆದಾಯದಲ್ಲಿ ಅಮೆರಿಕದ ಮೊದಲ ಹತ್ತು ಕಂಪನಿಗಳಲ್ಲಿ ಯುನೈಟೆಡ್‌ಹೆಲ್ತ್ 3ನೆಯದು, ಸಿವಿಎಸ್ 5, ಮೆಕೆಸನ್ 9, ಸೆಂಕೋರಾ 10. ಔಷಧ ಕಂಡುಹಿಡಿಯುವ, ತಯಾರಿಸುವ ಒಂದೇ ಒಂದು ಕಂಪನಿ ಆ ಹತ್ತರಲ್ಲಿಲ್ಲ. ಶ್ರೀನಿವಾಸಪುರದಲ್ಲಿ ಮಾವು ಬೆಳೆದವನಿಗೂ ಮಂಡಿ ಇಟ್ಟವನಿಗೂ ಇರುವ ಸಂಬಂಧ ಬಲ್ಲವರಿಗೆ ಇದು ಅರ್ಥವಾಗಲು ಎಂಬಿಎ ಬೇಕಿಲ್ಲ.

ಟವೆಲ್ ಎಳೆಯಲು ಹೋದವರು ಇಲ್ಲವೆಂದಲ್ಲ. 2022ರ ಜನವರಿಯಲ್ಲಿ ಮಾರ್ಕ್ ಕ್ಯೂಬನ್ ಎಂಬ ಶ್ರೀಮಂತ ‘ಕಾಸ್ಟ್ ಪ್ಲಸ್ ಡ್ರಗ್ಸ್’ ತೆರೆದ: ಕೊಂಡ ಬೆಲೆ, ಅದರ ಮೇಲೆ ಶೇ. 15, ಜೊತೆಗೆ ಅಂಗಡಿಯ ಕೂಲಿ ಮತ್ತು ಕೊರಿಯರ್. ನಮ್ಮೂರ ಶೆಟ್ಟರು ತಲೆಮಾರುಗಳಿಂದ ಮಾಡಿಕೊಂಡು ಬಂದ ಲೆಕ್ಕ. ಅಲ್ಲಿ ಅದು ಕ್ರಾಂತಿ ಎನಿಸಿತು. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಮಾತ್ರೆ, ಹೊರಗೆ ತಿಂಗಳಿಗೆ ಒಂಬತ್ತು ಸಾವಿರ ಡಾಲರಿಗೂ ಮೇಲೆ ಚಿಲ್ಲರೆ ಬೆಲೆ ತೋರಿಸುತ್ತಿದ್ದದ್ದು, ಅವನಲ್ಲಿ 47 ಡಾಲರಿಗೆ ಬಂತು. ಅರ್ಕಾನ್ಸಾ ರಾಜ್ಯ ಇನ್ನೂ ಮುಂದೆ ಹೋಗಿ 2025ರ ಏಪ್ರಿಲಿನಲ್ಲಿ ಒಂದು ಕಾಯ್ದೆಯನ್ನೇ ಮಾಡಿತು: ದಲ್ಲಾಳಿ ನಮ್ಮ ರಾಜ್ಯದಲ್ಲಿ ಔಷಧದಂಗಡಿ ಇಡುವಂತಿಲ್ಲ. ಕಂಪನಿಗಳು ಕೋರ್ಟಿಗೆ ಹೋದವು. ಜುಲೈನಲ್ಲಿ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು.

ನಮ್ಮಲ್ಲಿ ಎಲ್ಲ ಸರಿಯಿದೆ ಎಂದು ಎದೆ ತಟ್ಟಿಕೊಳ್ಳುವ ಹಾಗೂ ಇಲ್ಲ. ಕ್ಯಾನ್ಸರಿನ 42 ಔಷಧಗಳಿಗೆ ವ್ಯಾಪಾರಿಯ ಲಾಭ ಶೇ. 30 ಮೀರಬಾರದೆಂದು 2019ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಬೇಕಾಯಿತು. ಮೊದಲು ಎಷ್ಟಿತ್ತೆಂದು ಊಹಿಸಿಕೊಳ್ಳಿ. ಆದರೂ ಇದೇ ಇಮಾಟಿನಿಬ್‌ನ ಪೇಟೆಂಟ್ ಅರ್ಜಿಯನ್ನು 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ತಾರೀಖು ನೋಡಿ ಅರ್ಜಿ ಹಾಕಿದ್ದ ಕಂಪನಿಯವರು ತಮಾಷೆ ಎಂದುಕೊಂಡಿರಬಹುದು.

ತಂಗಿಯ ಮಗಳ ಡಬ್ಬಿ ಹನ್ನೊಂದು ದಿನ ತಡವಾಗಿ ಬಂತಂತೆ. ಥರ್ಮೋಕೋಲ್ ಪೆಟ್ಟಿಗೆ, ಒಳಗೆ ಕರಗಿದ ಐಸ್ ಪ್ಯಾಕು, ಮೇಲೊಂದು ಚಂದದ ಕಾರ್ಡು: ನಿಮ್ಮ ಆರೈಕೆಯಲ್ಲಿ ನಾವು ಪಾಲುದಾರರು. ಪಾಲುದಾರರೆಂಬ ಮಾತು ನಿಜವಾದ್ದರಿಂದ ಅವಳು ದೂರು ಕೊಡಲಿಲ್ಲ. ಡಿಸೆಂಬರಿನಲ್ಲಿ ಊರಿಗೆ ಬರುತ್ತಾಳೆ. ನಿಮ್ಮ ಮನೆಗೂ ಯಾರಾದರೂ ಬರುತ್ತಿರಬಹುದು. ಹಿಂದೆ ಸೂಟ್‌ಕೇಸ್ ತುಂಬ ನಮಗೆ ಚಾಕೊಲೇಟು ತರುತ್ತಿದ್ದವರು ಈಗ ಹೊರಡುವಾಗ ಡಾಕ್ಟರ ಚೀಟಿ ಹಿಡಿದು ಗಾಂಧಿ ಬಜಾರಿನ ಮೆಡಿಕಲ್ಸ್‌ಗೆ ಹೋಗುತ್ತಾರೆ. ನಗಬೇಡಿ. ಹಪ್ಪಳ-ಸಂಡಿಗೆ ಸ್ವಲ್ಪ ಕಡಿಮೆ ಕಟ್ಟಿ, ಮಾತ್ರೆಗೆ ಜಾಗ ಬಿಡಿ.