ಗುಬ್ಬಿಯ ಒತ್ತು

ನನ್ನ ಲ್ಯಾಪ್‌ಟಾಪಿನ ಮೆಮೊರಿ ಎರಡೇ ಜಿಬಿ. ಕ್ರೋಮಿನಲ್ಲಿ ಮೂರನೇ ಟ್ಯಾಬ್ ತೆರೆದರೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಸಾಲದ್ದಕ್ಕೆ ಮೌಸು ಕೆಟ್ಟಿತ್ತು. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದು ಭಾನುವಾರ ಗುಬ್ಬಿಗೆ ಬಂದವನು, "ಮೌಸ್ ಯಾಕೆ ಮಾವ, ಹತ್ತು ಬೆರಳಿದಾವಲ್ಲ" ಎಂದು ಲಿನಕ್ಸ್ ತುಂಬಿ, ಕ್ಯೂಟ್‌ಬ್ರೌಸರ್ ಹಾಕಿಕೊಟ್ಟ.

ಅದರಲ್ಲಿ 'ಜೆ' ಒತ್ತಿದರೆ ಪುಟ ಕೆಳಕ್ಕೆ, 'ಕೆ' ಒತ್ತಿದರೆ ಮೇಲಕ್ಕೆ. ಇದು 1976ರ ಸುಮಾರಿಗೆ ಬಿಲ್ ಜಾಯ್ ಬರೆದ ವಿಐ ಎಡಿಟರಿನ ಪದ್ಧತಿ. ಆತ ಕೆಲಸ ಮಾಡುತ್ತಿದ್ದ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳು ಆ ಅಕ್ಷರಗಳ ಕೀಲಿಗಳ ಮೇಲೇ ಇದ್ದವು. 'ಎಫ್' ಒತ್ತಿದರೆ ಪುಟದ ಕೊಂಡಿಗಳಿಗೆಲ್ಲ ಒಂದೊಂದು ಹಳದಿ ಚೀಟಿ, ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿಗೆ ಟೋಕನ್ ಕೊಟ್ಟ ಹಾಗೆ. ಚೀಟಿಯ ಅಕ್ಷರ ಒತ್ತಿದರೆ ಕೊಂಡಿ ತೆರೆಯಿತು. ಎರಡು ದಿನ ಹಾರ್ಮೋನಿಯಂ ಮೇಷ್ಟರ ಠೀವಿಯಲ್ಲಿದ್ದೆ. ಮೂರನೇ ದಿನ ಗಿರಣಿ ಮತ್ತೆ ಶುರು. ವಿಚಾರಿಸಿದರೆ, ಕ್ಯೂಟ್‌ಬ್ರೌಸರು ಹೊರಗೆ ಸಣಕಲು, ಹೊಟ್ಟೆಯೊಳಗಿರುವುದು ಕ್ರೋಮಿಯಮ್ಮಿನದೇ ಎಂಜಿನು.

ಕುಣಿಗಲ್ಲಿನ ಭಾವನ ಹತ್ತಿರ ಗೋಳು ತೋಡಿಕೊಂಡೆ. ಕುದುರೆ ಫಾರಂ ಇರುವ ಊರಿನವರು. "ರೇಸಲ್ಲಿ ಚೆನ್ನಾಗಿ ಓಡೋ ಕುದುರೆಗೆ ಜೀನಲ್ಲಿ ಸೀಸ ಇಟ್ಟು ಭಾರ ಹೆಚ್ಚಿಸ್ತಾರೆ. ನಿಮ್ಮದರಲ್ಲಿ ಓಟ ಇಲ್ಲ, ಸೀಸ ಮಾತ್ರ ಇದೆ" ಎಂದರು. ಸೀಸ ತುಂಬುವವರು ಪುಟ ಮಾಡುವವರೇ ಎಂದು ನನ್ನ ಗುಮಾನಿ. ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ಆನೆ ಕುದುರೆಗಳನ್ನು ರಂಗಕ್ಕೇ ತಂದರು, ಒಪ್ಪೋಣ, ಅದು ಕುರುಕ್ಷೇತ್ರ. ಬಸ್ಸಿನ ಟೈಮು ಹೇಳಲಿಕ್ಕೂ ಆನೆ ಬರಬೇಕೆ?

ಹುಡುಗ ಕೊನೆಗೆ ಲಿಂಕ್ಸ್ ಬ್ರೌಸರ್ ಹಾಕಿದ. 1992ರಲ್ಲಿ ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಚಿತ್ರವಿಲ್ಲ, ಜಾಹೀರಾತಿನ ಕುಣಿತವಿಲ್ಲ, ಬರೀ ಅಕ್ಷರ. ಕೀಲಿ ಒತ್ತುವಷ್ಟರಲ್ಲಿ ಪುಟ ಹಾಜರು. ಫ್ಯಾನು ಉಸಿರೆತ್ತಲಿಲ್ಲ. ಆದರೆ ನಮ್ಮ ಟರ್ಮಿನಲ್ಲಿಗೆ ಒತ್ತಕ್ಷರ ಕೂಡಿಸಲು ಬಾರದು. ವೀರಣ್ಣನವರ ಬಗ್ಗೆ ಓದೋಣವೆಂದರೆ 'ಗುಬ್‌ಬಿ ವೀರಣ್‌ಣ' ಎಂದು ಕೀಲು ಕಳಚಿಕೊಂಡು ಬಂದರು. ಒತ್ತಿಲ್ಲದ ಪುಣ್ಯಕ್ಕೆ 'ತುಮಕೂರು' ಮಾತ್ರ ನೆಟ್ಟಗೆ ನಿಂತಿತ್ತು.

ಹೀಗಾಗಿ ಈಗ ಇಂಗ್ಲಿಷಿಗೆ ಲಿಂಕ್ಸ್, ಕನ್ನಡಕ್ಕೆ ಕ್ಯೂಟ್‌ಬ್ರೌಸರ್, ಅದೂ ಒಂದೇ ಟ್ಯಾಬು. ಅಲ್ಲೂ ಒಂದು ತಕರಾರು. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ 'ಎಫ್' ಎಂದರೆ ಒತ್ತು ಕೂಡಿಸುವ ಕೀಲಿ. ಕನ್ನಡ ಆನ್ ಆಗಿದ್ದದ್ದು ಮರೆತು ಅದನ್ನು ಒತ್ತಿದರೆ ಚೀಟಿಯೂ ಇಲ್ಲ, ಒತ್ತೂ ಇಲ್ಲ; ಪುಟ ಸುಮ್ಮನೆ ನನ್ನ ಮುಖ ನೋಡುತ್ತದೆ.

ಮೊನ್ನೆ ಭಾವನಿಗೆ ಕನ್ನಡದಲ್ಲೇ ಉದ್ದದೊಂದು ಮೇಲ್ ಬರೆದೆ. ಬರೆದದ್ದನ್ನು ಕೊನೆಯವರೆಗೂ ಓದಿಕೊಳ್ಳಲು ಬೆರಳು ತಾನಾಗಿ 'ಜೆ' ಮೇಲೆ ಹೋಯಿತು. ಸಂಜೆ ಅಕ್ಕ ಫೋನು ಮಾಡಿದಳು.

"ಮೇಲ್ ಬಂತು ಕಣೋ. ಮಧ್ಯದಲ್ಲಿ ಒಂದು ಸಾಲು ಪೂರ್ತಿ ಜಜಜಜಜ ಅಂತಿದೆ. ಬರೀತಾ ಬರೀತಾ ನಿದ್ದೆ ಹೋದ್ಯೇನೋ?"